ಸತ್ತ ಬ್ಯಾಕ್ಟೀರಿಯಾ ಸಿಂಪಡಿಸಿದರೆ ಏನು ಫಲ?

ಮಾನ್ಯ ಸಂಪಾದಕರೇ,

ಟೊಮೆಟೊ ಎಲೆಗಳ ಮೇಲೆ ಉಪಕಾರಿ ಬ್ಯಾಕ್ಟೀರಿಯಾ ಸಿಂಪಡಿಸಿ ಬಿಂಗಿ ರೋಗವನ್ನು, ಅಂದರೆ ವೈರಸ್ಸಿನಿಂದ ಬರುವ ಎಲೆ ಮುಟುರು ರೋಗವನ್ನು, ತಡೆಯಿರಿ ಎಂದು ನಮ್ಮ ಹೋಬಳಿಯ ಕಾರ್ಯಾಗಾರದಲ್ಲಿ ಅಧಿಕಾರಿಗಳು ಕರೆ ಕೊಟ್ಟ ವರದಿಯನ್ನು, ಶಾಲು ಹೊದ್ದು ಪೊಟ್ಟಣ ವಿತರಿಸುತ್ತಿರುವ ಅವರ ಛಾಯಾಚಿತ್ರದ ಸಮೇತ, ತಮ್ಮ ಪತ್ರಿಕೆಯಲ್ಲಿ ನೋಡಿದೆ. ಅದೇ ಪೊಟ್ಟಣಗಳಲ್ಲಿ ಎರಡು ಈಗ ನನ್ನ ಮನೆಯ ಜಗಲಿಯ ಮೇಲಿವೆ. ತಮ್ಮ ವರದಿಗಾರರ ಕಣ್ಣಿಗೆ ಬೀಳದೆ ಹೋದ ಸಂಗತಿಯೆಂದರೆ, ಎರಡರ ಬಳಕೆಯ ಅವಧಿಯೂ ಮುಗಿದು ಐದು ತಿಂಗಳಾಗಿದೆ.

ಅವು ನನ್ನ ಕೈಸೇರಿದ ಬಗೆಯನ್ನೂ ಹೇಳಲೇಬೇಕು. ಕಾರ್ಯಾಗಾರದಲ್ಲಿ ಮುಂದಿನ ಸಾಲಿನವರಿಗೇ ಪೊಟ್ಟಣ ಮುಗಿದು, ಉಳಿದವರು ಸೋಮವಾರ ಕಚೇರಿಗೆ ಬರಬೇಕೆಂದು ಹೇಳಲಾಯಿತು. ಸೋಮವಾರ ಹೋದಾಗ ಉಗ್ರಾಣದ ಕೀಲಿ ಇಟ್ಟುಕೊಂಡವರು ತಾಲ್ಲೂಕು ಸಭೆಗೆ ಹೋಗಿದ್ದರು. ಮರುದಿನ ಹೋದರೆ ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆಯ ಜೊತೆಗೆ ಪಹಣಿಯೂ ಬೇಕೆಂದರು. ಪಹಣಿ ತಂದ ದಿನ ಸರ್ವರ್ ಮಲಗಿತ್ತು. ನಾಲ್ಕನೆಯ ಸಲ, ಔಷಧಿ ಹೊಡೆಯಲು ಗೊತ್ತು ಮಾಡಿದ್ದ ಇಬ್ಬರು ಆಳುಗಳ ಕೂಲಿಯನ್ನು ದಂಡ ತೆತ್ತು ಕಾದು ನಿಂತಾಗ, ಕಾದ ಬಾಣಲೆಯಂತಿದ್ದ ತಗಡಿನ ಚಾವಣಿಯ ಉಗ್ರಾಣದಿಂದ, ಯೂರಿಯಾ ಚೀಲಗಳ ಸಂದಿಯಿಂದ, ಈ ಎರಡು ಪೊಟ್ಟಣಗಳು ಹೊರಬಂದವು. ತಂಪಾದ, ನೆರಳಿರುವ ಜಾಗದಲ್ಲಿ ಇಡಬೇಕೆಂದು ಅವುಗಳ ಮೇಲೆಯೇ ಅಚ್ಚಾಗಿದೆ. ಒಳಗಿರುವುದು ಸೂಡೊಮೊನಾಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಬೆರೆಸಿದ ಟಾಲ್ಕ್ ಪುಡಿ. ಜೀವಿ ಸತ್ತ ಮೇಲೆ ಉಳಿಯುವುದು ಟಾಲ್ಕ್ ಮಾತ್ರ. ಅದನ್ನು ಗಿಡಕ್ಕಿಂತ ಮುಖಕ್ಕೆ ಹಚ್ಚಿಕೊಳ್ಳುವುದೇ ಮೇಲು.

ಬ್ಯಾಕ್ಟೀರಿಯಾದ ಮೇಲೆ ನನಗೆ ಯಾವ ದೂರೂ ಇಲ್ಲ. ಅದು ಮಾಡುವ ಕೆಲಸವನ್ನು ತಿರುಚಿ ಹೇಳಿದವರ ಮೇಲೆ ದೂರಿದೆ. ಸೂಡೊಮೊನಾಸ್ ಆಗಲಿ, ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆಗಲಿ, ವೈರಸ್ಸನ್ನು ಹುಡುಕಿ ಕೊಲ್ಲುವುದಿಲ್ಲ. ಎಲೆ ಮತ್ತು ಬೇರಿನ ಮೇಲೆ ನೆಲೆಸಿ ಗಿಡದ ಸ್ವಂತ ರಕ್ಷಣಾ ಶಕ್ತಿಯನ್ನು ಮೊದಲೇ ಎಚ್ಚರಿಸಿಡುತ್ತವೆ, ಹಾಗೆ ಎಚ್ಚರಗೊಂಡ ಗಿಡದಲ್ಲಿ ರೋಗದ ತೀವ್ರತೆ ತಗ್ಗಬಹುದು, ಅಷ್ಟೇ. ಆದುದರಿಂದಲೇ ಬೀಜೋಪಚಾರದಿಂದ ಆರಂಭಿಸಿ, ನಾಟಿಗೆ ಮುನ್ನ ಸಸಿಯ ಬೇರನ್ನು ಅದರ ದ್ರಾವಣದಲ್ಲಿ ಅದ್ದಿ, ಅನಂತರ ಬಿಸಿಲಿಳಿದ ಸಂಜೆ ಎಲೆಗಳಿಗೆ ಸಿಂಪಡಿಸಬೇಕು. ಎಲೆ ಮೇಲಕ್ಕೆ ಮುದುಡಿ, ಅಂಚು ಹಳದಿಯಾಗಿ, ಗಿಡ ಗಿಡ್ಡಾಗಿ ನಿಂತ ಮೇಲೆ ಯಾವ ಪುಡಿಯೂ ಅದನ್ನು ಮೊದಲಿನಂತೆ ಮಾಡಲಾರದು. ನನ್ನ ತೋಟದಲ್ಲಿ ನಾಟಿಯಾಗಿ 35 ದಿನ ಕಳೆದಿದೆ. ಮಲ್ಚಿಂಗ್ ಶೀಟು, ಕಡ್ಡಿ, ದಾರ ಎಲ್ಲಕ್ಕೂ ಹಣ ಸುರಿದಾಗಿದೆ, ಅರ್ಧಕ್ಕಿಂತ ಹೆಚ್ಚು ಗಿಡ ಮುದುಡಿದೆ. ಇದನ್ನು ಹೇಳಿದಾಗ ಅಧಿಕಾರಿಗಳು, ‘ಲೀಟರಿಗೆ ಹತ್ತು ಗ್ರಾಂ ಹೊಡೆಯಿರಿ, ಸರಿಹೋಗುತ್ತದೆ’ ಎಂದರು. ಅಲ್ಲಿಯೇ ನಿಂತಿದ್ದ ಇನ್ನೊಬ್ಬರು, ಜೊತೆಗೆ ಸ್ಟ್ರೆಪ್ಟೊಮೈಸಿನ್ ಇರುವ ಪುಡಿಯನ್ನೂ ಬೆರೆಸಿದರೆ ‘ಪವರ್’ ಹೆಚ್ಚುತ್ತದೆ ಎಂದು ಸೇರಿಸಿದರು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿಯ ಜೊತೆ ಬ್ಯಾಕ್ಟೀರಿಯಾವನ್ನು ಕಲಸಿ ಎಲೆಗೆ ಹೊಡೆಯುವ ಈ ಹೊಸ ವಿಜ್ಞಾನವನ್ನು ಯಾವ ವಿಶ್ವವಿದ್ಯಾಲಯ ಕಲಿಸಿತೋ ತಿಳಿಯದು.

ಈ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವ ಬಿಳಿನೊಣದ ಬಗ್ಗೆ ಇಡೀ ಕಾರ್ಯಾಗಾರದಲ್ಲಿ ಒಂದು ಮಾತೂ ಬರಲಿಲ್ಲ. ನರ್ಸರಿಗೆ ಸಣ್ಣ ಕಣ್ಣಿನ ಬಲೆ ಕಟ್ಟುವುದು, ತೋಟದ ಸುತ್ತ ಮುಸುಕಿನ ಜೋಳ ಬೆಳೆಸುವುದು, ಹಳದಿ ಅಂಟುಪಟ್ಟಿ ತೂಗುಹಾಕುವುದು, ರೋಗ ತಗುಲಿದ ಗಿಡವನ್ನು ಆರಂಭದಲ್ಲೇ ಕಿತ್ತು ನಾಶಪಡಿಸುವುದು, ಇವೆಲ್ಲ ಹಳೆಯ ಮಾತುಗಳಾದುದರಿಂದ ಛಾಯಾಚಿತ್ರಕ್ಕೆ ಒಗ್ಗುವುದಿಲ್ಲವೇನೋ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಎಲೆ ಮುಟುರು ರೋಗವನ್ನು ತಡೆದುಕೊಳ್ಳುವ ‘ಅರ್ಕಾ ರಕ್ಷಕ್’ ತಳಿಯನ್ನು ಬಿಡುಗಡೆ ಮಾಡಿ ಎಷ್ಟೋ ವರ್ಷಗಳಾದವು. ಕೋಲಾರಕ್ಕೆ ಹೆಸರಘಟ್ಟ ಪರದೇಶವಲ್ಲ. ಆದರೂ ಆ ತಳಿಯ ಹೆಸರು ವೇದಿಕೆಯ ಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಇವರ ಕೆಲಸದ ಚೆಂದ ನಮಗೆ ಹೊಸದೂ ಅಲ್ಲ. ಹಿಂದೆ ನನಗೆ ಕೊಟ್ಟ ಮಣ್ಣು ಆರೋಗ್ಯ ಚೀಟಿಯಲ್ಲಿ ನೆರೆಯ ಊರಿನವರ ಸರ್ವೆ ಸಂಖ್ಯೆಯಿತ್ತು. ತಿದ್ದಿಕೊಡಲು ಕೇಳಿದರೆ, ‘ಮಣ್ಣು ಎಲ್ಲ ಒಂದೇ ಬಿಡ್ರಿ’ ಎಂದು ಉತ್ತರ ಬಂತು. ಕಳೆದ ಬಾರಿ ನರ್ಸರಿಯಿಂದಲೇ ರೋಗ ಹೊತ್ತ ಸಸಿ ಬಂದಿದೆಯೆಂದು ಬರೆದುಕೊಟ್ಟ ದೂರಿಗೆ, ತೋಟ ನೋಡಲು ಅಧಿಕಾರಿ ಬಂದದ್ದು ಗಿಡ ಕಿತ್ತು ಹುರುಳಿ ಚೆಲ್ಲಿದ ಮೇಲೆ. ಹುರುಳಿ ಚೆನ್ನಾಗಿದೆ ಎಂದು ಹೇಳಿ ಹೋದರು.

ಸಂಬಂಧಪಟ್ಟವರು ನಾಟಿಯ ಹಂಗಾಮಿಗೆ ಮೊದಲೇ ಜೀವವಿರುವ ಪುಡಿಯನ್ನು ನರ್ಸರಿಗಳಿಗೂ ರೈತರಿಗೂ ತಲುಪಿಸಲಿ, ಇಲ್ಲವೇ ಇಂತಹ ಕಾರ್ಯಾಗಾರಗಳನ್ನು ನಿಲ್ಲಿಸಿ ಶಾಲಿನ ಖರ್ಚನ್ನಾದರೂ ಉಳಿಸಲಿ. ಎರಡನ್ನೂ ಮಾಡಿದರೂ ನನ್ನ ಆಕ್ಷೇಪಣೆಯಿಲ್ಲ. ಉಗ್ರಾಣಕ್ಕೆ ಯಾರಾದರೂ ಒಮ್ಮೆ ಹೋಗಿ ನೋಡಬೇಕು. ನೋಡಿದ ಮೇಲೆ ಏನಾದರೂ ಮಾಡಬೇಕು. ಪೊಟ್ಟಣವನ್ನು ರೈತನ ಕೈಗಿಡುವ ಮೊದಲು ಅದನ್ನೊಮ್ಮೆ ತಿರುಗಿಸಿ ದಿನಾಂಕ ಓದಲು ಇವರಿಗೆ ಅಕ್ಷರ ಬರುವುದಿಲ್ಲವೇ, ಕನ್ನಡಕ ಇಲ್ಲವೇ, ಅಥವಾ ನಾಚಿಕೆಯೇ ಇಲ್ಲವೇ?

– ನೊಂದ ಟೊಮೆಟೊ ಬೆಳೆಗಾರ, ಕೋಲಾರ ಜಿಲ್ಲೆ