ಸೂಪರ್‌ವೈಸರ್‌ಗಳ ದುಡಿಮೆಗೂ ಮಿತಿ ಇರಲಿ

ಮಾನ್ಯ ಸಂಪಾದಕರೇ,

ನಾನು ಮೆಕ್ಯಾನಿಕಲ್ ಎಂಜಿನಿಯರ್. ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಲೋಹದ ಬಿಡಿಭಾಗಗಳನ್ನು ಕೊರೆದು ರೂಪಿಸುವ ಮಷೀನ್ ಶಾಪ್ ವಿಭಾಗದ ಶಿಫ್ಟ್ ಸೂಪರ್‌ವೈಸರ್. 2023ರಲ್ಲಿ ನಮ್ಮ ರಾಜ್ಯ ಫ್ಯಾಕ್ಟರಿ ಕಾಯ್ದೆ ತಿದ್ದಿ ಹೆಣ್ಣುಮಕ್ಕಳಿಗೂ ರಾತ್ರಿ ಪಾಳಿ ತೆರೆದಾಗ ಕ್ಯಾಬ್, ಸಿಸಿಟಿವಿ, ಸೆಕ್ಯುರಿಟಿ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಅವೆಲ್ಲ ಬೇಕೇ ಬೇಕು. ಆದರೆ ಒಳಗೆ ಲೈನ್ ನೋಡಿಕೊಳ್ಳುವವಳ ಪಾಡೇನು ಅಂತ ಯಾರೂ ಕೇಳಲಿಲ್ಲ.

ಬಿಡಿಭಾಗದಲ್ಲಿ ಕೊರೆದ ರಂಧ್ರದ (ಬೋರ್) ಅಳತೆ 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗ ಆಚೀಚೆ ಆದರೂ ಸಾಕು, ಮಷೀನ್ ನಿಲ್ಲಿಸಿ ಲಾಟ್ ಪೂರ್ತಿ ಮತ್ತೆ ಅಳೆಯಬೇಕು. ನಿಲ್ಲಿಸಿದರೆ ಟಾರ್ಗೆಟ್ ಯಾಕೆ ಬಂದಿಲ್ಲ ಅನ್ನುತ್ತಾರೆ ಪ್ರೊಡಕ್ಷನ್‌ನವರು. ಬಿಟ್ಟರೆ ರಿಜೆಕ್ಷನ್ ಯಾಕೆ ಅನ್ನುತ್ತಾರೆ ಕ್ವಾಲಿಟಿಯವರು. ಇಷ್ಟು ಗಂಡಸರಿಗೂ ಇದೆ. ನನಗೆ ಇನ್ನೂ ಇದೆ. ಮಷೀನ್ ನಿಲ್ಲಿಸಿ ಅಂದರೆ ಹಳೇ ಆಪರೇಟರ್, ‘ನೀವು ಹೋಗಿ ಕೂತ್ಕೊಳ್ಳಿ ಮೇಡಂ, ನಾವು ನೋಡ್ಕೋತೀವಿ’ ಅನ್ನುತ್ತಾರೆ. ಮೆಂಟೆನೆನ್ಸ್‌ನವರು ನಾನು ಕರೆದರೆ ಬರುವುದಿಲ್ಲ, ಪಕ್ಕದ ಲೈನಿನ ಸರ್ ಫೋನ್ ಮಾಡಿದರೆ ಬರುತ್ತಾರೆ. ನಾನು ಹೇಳಿದ್ದು ಸರಿ ಅಂತ ಪ್ರತಿ ಪಾಳಿಯಲ್ಲೂ ಹೊಸದಾಗಿ ತೋರಿಸಬೇಕು. ರಾತ್ರಿ ನಿದ್ದೆ ಕೆಡಿಸುವುದು ಇದೇ.

ಲೇಡೀಸ್ ಟಾಯ್ಲೆಟ್ ಇರುವುದು ಆಫೀಸ್ ಬ್ಲಾಕಿನಲ್ಲಿ. ಅಷ್ಟು ದೂರ ಹೋಗಿಬರುವವರೆಗೆ ಲೈನ್ ನೋಡಿಕೊಳ್ಳುವವರು ಯಾರೂ ಇಲ್ಲ. ಹಾಗಾಗಿ ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದೇನೆ. ವರ್ಷಕ್ಕೆ 12 ದಿನ ಮುಟ್ಟಿನ ರಜೆ ಕೊಡಲು ಸರ್ಕಾರ 2025ರಲ್ಲಿ ತೀರ್ಮಾನಿಸಿದ್ದು ನಿಜಕ್ಕೂ ಖುಷಿಯ ವಿಷಯ. ಆದರೆ ಬದಲಿಗೆ ನಿಲ್ಲುವವರೇ ಇಲ್ಲದಿದ್ದರೆ ರಜೆ ಹಾಕುವುದು ಹೇಗೆ?

ಪಾಳಿ ಮುಗಿದ ಮೇಲೂ ನಮ್ಮ ಕೆಲಸ ಮುಗಿಯುವುದಿಲ್ಲ. ಹ್ಯಾಂಡ್‌ಓವರ್ ಆಗಬೇಕು, ರಿಜೆಕ್ಷನ್ ರಿಪೋರ್ಟ್ ಬರೆಯಬೇಕು, ಮೀಟಿಂಗ್‌ಗೆ ಕೂರಬೇಕು. ಆಪರೇಟರ್‌ಗೆ ಓಟಿ ಮಾಡಿದರೆ ಎರಡು ಪಟ್ಟು ಸಂಬಳ. ಅದು ನ್ಯಾಯವೇ. ನನಗೆ ಓಟಿ ಇಲ್ಲ, ಪಾಳಿ ಮುಗಿದ ಮೇಲೆ ದುಡಿದ ಗಂಟೆಗಳ ಲೆಕ್ಕವೂ ಎಲ್ಲೂ ಇಲ್ಲ. ಯೂನಿಯನ್‌ನವರಿಗೆ ಹೇಳಿದರೆ ‘ನೀವು ಮ್ಯಾನೇಜ್‌ಮೆಂಟ್ ಅಲ್ವಾ’ ಅನ್ನುತ್ತಾರೆ. ಮ್ಯಾನೇಜ್‌ಮೆಂಟ್‌ನವರು ನಮ್ಮನ್ನು ಯಾವ ತೀರ್ಮಾನಕ್ಕೂ ಕರೆಯುವುದಿಲ್ಲ. ಕಾನೂನೂ ಹಾಗೇ ಇದೆ. ಹಿಂದಿನ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ತಿಂಗಳಿಗೆ 10 ಸಾವಿರ ರೂಪಾಯಿ ದಾಟಿದ ಸೂಪರ್‌ವೈಸರ್ ಕಾರ್ಮಿಕರ ಲೆಕ್ಕಕ್ಕೆ ಬರುತ್ತಿರಲಿಲ್ಲ. 2025ರ ನವೆಂಬರ್ 21ರಿಂದ ಅದರ ಬದಲಿಗೆ ಜಾರಿಯಾದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಮಿತಿ 18 ಸಾವಿರ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಮಷೀನ್ ಶಾಪ್‌ನಲ್ಲಿ ಕೆಲವು ವರ್ಷ ದುಡಿದವರಲ್ಲಿ ಎಷ್ಟು ಜನ ಇದರೊಳಗೆ ಬರುತ್ತಾರೆ?

ಕಾರ್ಮಿಕ ಇಲಾಖೆಗೆ ನನ್ನ ಮನವಿ ಇಷ್ಟೇ. ಸೂಪರ್‌ವೈಸರ್‌ಗಳು ಬಂದ ಹೊತ್ತು, ಹೋದ ಹೊತ್ತು ರಿಜಿಸ್ಟರಿನಲ್ಲಿ ಬರೆಯಲೇಬೇಕೆಂದು ನಿಯಮ ಮಾಡಿ. ಪ್ರತಿ ಪಾಳಿಗೂ ಒಬ್ಬ ಬದಲಿ ಸೂಪರ್‌ವೈಸರ್ ಇರಲಿ. ತಪಾಸಣೆಗೆ ಬರುವ ಅಧಿಕಾರಿಗಳು ಮ್ಯಾನೇಜರ್ ಪಕ್ಕದಲ್ಲಿಲ್ಲದ ಹಾಗೆ, ಹತ್ತು ನಿಮಿಷವಾದರೂ ನಮ್ಮನ್ನು ಮಾತಾಡಿಸಲಿ.

– ಒಬ್ಬ ಶಿಫ್ಟ್ ಸೂಪರ್‌ವೈಸರ್, ಬೆಂಗಳೂರು