ಬೈಲುಗದ್ದೆಗೆ ಮಣ್ಣು ತುಂಬುವುದನ್ನು ನಿಲ್ಲಿಸಿ, ತೋಡು ಬಿಡಿಸಿಕೊಡಿ: ನಮ್ಮ ಏಳನೇ ಮನವಿ

ಇವರಿಗೆ,
ಮಾನ್ಯ ಆಯುಕ್ತರು, ಉಡುಪಿ ನಗರಾಭಿವೃದ್ಧಿ ಪ್ರಾಧಿಕಾರ

ಇವರಿಂದ,
ಸ್ವರ್ಣಾ ನದಿ ದಂಡೆಯ ಬೈಲಿನ ನಿವಾಸಿಗಳು, ಉಡುಪಿ ತಾಲೂಕು

ವಿಷಯ: ಬೈಲಿನ (ತಗ್ಗಿನ ಗದ್ದೆಗಳ) ತೋಡು (ಮಳೆನೀರಿನ ಕಾಲುವೆ) ಮುಚ್ಚಿ ಲೇಔಟ್ ಮಾಡಿರುವುದು, ಮತ್ತು ಊರಿನ ಮನೆಯಿಲ್ಲದವರಿಗೆ ಬೆಟ್ಟಿನ (ಎತ್ತರದ) ಜಾಗದಲ್ಲಿ ನಿವೇಶನ ಕೊಡುವ ಬಗ್ಗೆ.

ಮಾನ್ಯರೇ,

ಇದು ನಾವು ಕೊಡುತ್ತಿರುವ ಏಳನೇ ಮನವಿ. ಹಿಂದಿನ ಆರು ಕೊಟ್ಟ ಮೇಲೂ ಬೈಲಿನಿಂದ ಒಂದು ಬುಟ್ಟಿ ಮಣ್ಣು ಎತ್ತಿಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಮ್ಮ ಬೈಲಿನ ನಡುವೆ ಹರಿಯುವ ತೋಡು ಹನ್ನೆರಡು ಅಡಿ ಅಗಲ ಇತ್ತು. ಬೆಟ್ಟಿನಿಂದ, ನಡುಮಟ್ಟದ ಮಜಲಿನಿಂದ ಇಳಿದ ಮಳೆನೀರೆಲ್ಲ ಅದರಲ್ಲೇ ಹೊಳೆ ಸೇರುತ್ತಿತ್ತು. ಲೇಔಟ್‌ನವರು ಗದ್ದೆಗೆ ಕೆಂಪು ಮಣ್ಣು ತುಂಬಿದರು. ತೋಡಿದ್ದ ಕಡೆ ಎರಡು ಅಡಿಯ ಸಿಮೆಂಟ್ ಪೈಪ್ ಹೂತು ಮೇಲೆ ರಸ್ತೆ ಮಾಡಿದರು. ಹನ್ನೆರಡು ಅಡಿಯ ನೀರು ಎರಡು ಅಡಿಯಲ್ಲಿ ಹೋಗುತ್ತದಾ? ಎರಡು ವರ್ಷದ ಹಿಂದೆ, ನಾಟಿ ಮುಗಿದು ನಾಲ್ಕೇ ದಿನಕ್ಕೆ, ಪೈಪಿನ ಬಾಯಿಗೆ ತೆಂಗಿನ ಮಡಲು, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡು ನೀರು ಹಿಂದಕ್ಕೆ ಬಂತು. ಒಂದು ವಾರ ನೇಜಿ (ಭತ್ತದ ಸಸಿ) ಮುಳುಗಿಯೇ ಇತ್ತು. ನೀರಿಳಿದ ಮೇಲೆ ನಮ್ಮ ನೆರೆಮನೆಯ ಅಮ್ಮ, ಎಪ್ಪತ್ತು ದಾಟಿದವರು, ಗದ್ದೆಗಿಳಿದು ಒಂದು ಹಿಡಿ ನೇಜಿ ಎಳೆದರು. ಬೇರು ಕಪ್ಪಾಗಿ ಕೊಳೆತಿತ್ತು. ಎಲೆ ಬೆರಳಿಗೆ ಲೋಳೆಯ ಹಾಗೆ ಅಂಟಿತು. ಆ ವರ್ಷ ಅವರಿಗೆ ಏಣೆಲು (ಮಳೆಗಾಲದ) ಬೆಳೆ ಇಲ್ಲ. ಚೌತಿ ಕಳೆದು ವಾರ ಆಗಿಲ್ಲ, ಬ್ರೋಕರ್ ಮನೆಗೇ ಬಂದ. "ಬೆಳೆ ಆಗದ ಗದ್ದೆ ಇಟ್ಕೊಂಡು ಏನ್ ಮಾಡ್ತೀರಿ ಅಮ್ಮಾ?" ಎಂದು ಕೇಳಿದ.

ಗದ್ದೆಗಳು ಹೀಗೆಯೇ ಹೋಗುತ್ತಿರುವುದು, ಮಾನ್ಯರೇ. ಮೊದಲು ಒಂದು ಗದ್ದೆಗೆ ಮಣ್ಣು ಬೀಳುತ್ತದೆ. ಪಕ್ಕದ್ದರಲ್ಲಿ ನೀರು ನಿಲ್ಲುತ್ತದೆ, ಅದು ಹಡಿಲು (ಬೇಸಾಯವಿಲ್ಲದೆ ಪಾಳು) ಬೀಳುತ್ತದೆ. ಆಮೇಲೆ "ಇದು ಹೇಗೂ ಹಡಿಲು ಭೂಮಿ" ಎಂದು, ಕೃಷಿ ಬಿಟ್ಟು ಬೇರೆ ಬಳಕೆಗೆ ಬದಲಿಸುವ ಕನ್ವರ್ಷನ್‌ಗೆ ಅರ್ಜಿ ಬರುತ್ತದೆ. ನಮಗೆ ಬೇಸಾಯ ಬೇಡವಾಗಿ ಹಡಿಲು ಬಿಟ್ಟದ್ದಲ್ಲ. 2021ರಲ್ಲಿ ಇದೇ ಉಡುಪಿಯಲ್ಲಿ ಹಡಿಲು ಗದ್ದೆಗಳಲ್ಲಿ ಭತ್ತ ಬೆಳೆಯುವ ಆಂದೋಲನ ನಡೆಯಿತು. ಪೇಟೆಯವರೂ ಕೆಸರಿಗಿಳಿದು ನಾಟಿ ಮಾಡಿದರು. ಹಡಿಲು ಗದ್ದೆಯನ್ನು ಎಬ್ಬಿಸಬಹುದು. ಆರು ಅಡಿ ಮಣ್ಣು ಬಿದ್ದ ಗದ್ದೆಯನ್ನು ಯಾರಿಂದಲೂ ಎಬ್ಬಿಸಲು ಆಗುವುದಿಲ್ಲ.

ಇನ್ನು ದೂರಿನ ಕಥೆ. ಮೊದಲ ಅರ್ಜಿಗೆ ಸೀಲ್ ಒತ್ತಿ ಪ್ರತಿ ಕೊಟ್ಟರು, ಅಷ್ಟೇ. ಎರಡನೇ ಸಲ "ತೋಡು ನಕ್ಷೆಯಲ್ಲಿ ಇಲ್ಲ" ಎಂದರು. ಮೂರನೇ ಸಲ ನಾವು ಗ್ರಾಮನಕ್ಷೆ ತಂದು ಮೇಜಿನ ಮೇಲೆ ಹರಡಿ, ತೋಡಿನ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದೆವು. "ಸ್ಥಳ ಪರಿಶೀಲನೆ ಮಾಡ್ತೇವೆ" ಎಂದರು. ನಾಲ್ಕು ತಿಂಗಳ ಮೇಲೆ ಬಂದವರು ಜೀಪಿನಿಂದ ಇಳಿದು ರಸ್ತೆಯಲ್ಲೇ ನಿಂತು ಫೋಟೋ ತೆಗೆದು ಹೋದರು. ಬೇಸಿಗೆಯಲ್ಲಿ ಬಂದರೆ ನೀರು ಎಲ್ಲಿ ಕಾಣಬೇಕು? ನಾಲ್ಕನೆಯದು ಮಾಹಿತಿ ಹಕ್ಕಿನ ಅರ್ಜಿ. 30 ದಿನದಲ್ಲಿ ಕೊಡಬೇಕಾದ ಉತ್ತರ ಮೂರು ತಿಂಗಳಿಗೆ ಬಂತು. ಅದೂ ಒಂದೇ ಸಾಲು, ಮಾಹಿತಿ ಲಭ್ಯವಿಲ್ಲ ಎಂದು. ಐದನೇ ಮನವಿಯನ್ನು ಜನಸ್ಪಂದನ ಸಭೆಯಲ್ಲಿ ಎಲ್ಲರೆದುರು ಓದಿದೆವು. ಹದಿನೈದು ದಿನದ ಮಾತು ಕೊಟ್ಟರು. ಆರನೆಯದರ ಬಗ್ಗೆ ವಿಚಾರಿಸಲು ಹೋದಾಗ ಕಡತವೇ ಸಿಗುತ್ತಿಲ್ಲ ಎಂದರು. ನಮ್ಮ ಹತ್ತಿರ ಆರರ ಸೀಲ್ ಪ್ರತಿಯೂ ಇದೆ. ನಿಮ್ಮ ಹತ್ತಿರ ಮಾತ್ರ ಯಾಕಿಲ್ಲ? ದಿನಗೂಲಿ ಬಿಟ್ಟು, ಎರಡು ಬಸ್ ಹತ್ತಿ ಬರುವವರು ನಾವು. ಇದು ನಿಮಗೆ ಗೊತ್ತಿರಲಿ.

ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನಲ್ಲಿ ಭೂಬಳಕೆ ಬದಲಿಸುವ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪ ಕೇಳಬೇಕು ಎಂದಿದೆ. ನಮ್ಮ ಬೈಲಿಗೆ ಅಂಥ ಪ್ರಕಟಣೆ ಕೊಟ್ಟಿದ್ದರೆ ಅದರ ಪ್ರತಿ ತೋರಿಸಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮು ತೆಗೆದ ಮೇಲೆ ಕೃಷಿಕರಲ್ಲದವರೂ ಗದ್ದೆ ಕೊಳ್ಳಬಹುದು. ಅದು ಸರಕಾರ ಮಾಡಿದ ತೀರ್ಮಾನ. ಆದರೆ ಕೊಂಡ ಗದ್ದೆಯಲ್ಲಿ ಲೇಔಟ್ ಏಳಬೇಕಾದರೆ ತಮ್ಮ ಸಹಿ ಬೇಕೇ ಬೇಕು. ಪಕ್ಕದ ಕೇರಳದಲ್ಲಿ 2008ರಲ್ಲೇ ಭತ್ತದ ಗದ್ದೆ ಉಳಿಸಲು ಕಾಯ್ದೆ ಮಾಡಿದ್ದಾರೆ. ನಮಗೆ ಇರುವ ಕಾನೂನನ್ನಾದರೂ ಪಾಲಿಸಿ ಎಂದು ಕೇಳುತ್ತಿದ್ದೇವೆ.

2020ರ ಸೆಪ್ಟೆಂಬರ್ 20ರ ನೆರೆಯನ್ನು ಉಡುಪಿಯವರು ಯಾರೂ ಮರೆತಿಲ್ಲ. ಅವತ್ತು ದೋಣಿಯಲ್ಲಿ ಜನರನ್ನು ಸಾಗಿಸಿದರು. ನಮ್ಮ ಬೈಲು ಅವತ್ತು ಕೆರೆಯ ಹಾಗೆ ತುಂಬಿ ನಿಂತಿತ್ತು. ಆ ನೀರು ನಿಂತ ಜಾಗಕ್ಕೇ ಈಗ ಮಣ್ಣು ಬಿದ್ದಿದೆ. ಮುಂದಿನ ಸಲ ಅಷ್ಟು ನೀರು ಎಲ್ಲಿಗೆ ಹೋಗಬೇಕು? ನಮ್ಮ ಅಡುಗೆಮನೆಗೇ ಬರುತ್ತದೆ. 2019ರಲ್ಲಿ ಪೇಟೆಗೆ ನೀರು ಕೊಡುವ ಬಜೆ ಅಣೆಕಟ್ಟು ಬತ್ತಿ ಪೇಟೆಗೆಲ್ಲ ಟ್ಯಾಂಕರ್ ಓಡಿದ ಬೇಸಿಗೆಯಲ್ಲೂ ನಮ್ಮ ಬಾವಿಗಳಲ್ಲಿ ನೀರಿತ್ತು. ಮಳೆಗಾಲವಿಡೀ ಗದ್ದೆಯಲ್ಲಿ ನಿಂತು ಇಂಗಿದ ನೀರು ಅದು.

ನಾವು ಮನೆ ಕಟ್ಟಬಾರದು ಎನ್ನುವವರಲ್ಲ. ಇದನ್ನು ದಯವಿಟ್ಟು ತಿರುಚಬೇಡಿ. ನಮ್ಮ ಮಕ್ಕಳೇ ಪೇಟೆಯಲ್ಲಿ ಬಾಡಿಗೆಗೆ ಇದ್ದಾರೆ. ಸ್ವಂತದ ಐದು ಸೆಂಟ್ಸ್‌ನಲ್ಲಿ ಮನೆ ಕಟ್ಟಲು ಹೊರಟವರು ಏಕನಿವೇಶನ (ಒಂದೇ ಮನೆಯ ಜಾಗದ) ಅನುಮೋದನೆಗೆ, 9/11ಕ್ಕೆ (ಪಂಚಾಯತ್ ಕೊಡುವ ಆಸ್ತಿ ದಾಖಲೆಯ ನಮೂನೆಗಳಿಗೆ) ಅಲೆದು ಚಪ್ಪಲಿ ಸವೆಸಿದ್ದಾರೆ. ಸರಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯ ಸಕ್ರಮಕ್ಕೆ 94ಸಿಸಿ ಅರ್ಜಿ ಹಾಕಿ ಕಾಯುತ್ತಿರುವವರೂ ನಮ್ಮಲ್ಲಿದ್ದಾರೆ. ಬಡವನ ಐದು ಸೆಂಟ್ಸ್‌ಗೆ ಇಲ್ಲದ ದಾಖಲೆ ಎಲ್ಲ ಕೇಳುವ ಕಚೇರಿಗೆ ಎಕರೆಗಟ್ಟಲೆ ಮಣ್ಣು ತುಂಬಿದ್ದು ಕಾಣುವುದಿಲ್ಲವಾ? ಈ ಲೇಔಟ್‌ನ ಸೈಟ್ ರೇಟು ನಮ್ಮೂರಿನ ಗಾರೆ ಕೆಲಸದವರ, ಮೀನು ಮಾರುವವರ ಕೈಗೆಟುಕುವಂಥದ್ದಲ್ಲ. ಕೊಂಡವರಲ್ಲಿ ಹೆಚ್ಚಿನವರು ಹೊರಗಿನವರು. ಬೇಲಿ ಹಾಕಿ, ಬೋರ್ಡ್ ನೆಟ್ಟು ಹೋಗಿದ್ದಾರೆ. ಮೇಲೆ ಬೆಟ್ಟಿನಲ್ಲಿ ಹಿಂದೆಯೇ ಕನ್ವರ್ಷನ್ ಆದ ಜಾಗ ಪೊದೆ ಬೆಳೆದು ಖಾಲಿ ಬಿದ್ದಿದೆ. ಅಲ್ಲಿ ನೀರು ನಿಲ್ಲುವುದಿಲ್ಲ, ರಸ್ತೆ ಇದೆ, ಕರೆಂಟ್ ಇದೆ. ಅಲ್ಲಿ ಮನೆ ಆಗಲಿ.

ಇಷ್ಟರ ಜೊತೆಗೆ ಟಿಪ್ಪರ್ ಓಡಿ ಪಂಚಾಯತ್ ರಸ್ತೆ ಹಾಳಾಗಿದೆ. ಶಾಲೆ ಮಕ್ಕಳು ಆ ಹೊಂಡಗಳ ಮಧ್ಯೆಯೇ ಸೈಕಲ್ ತುಳಿಯಬೇಕು. ಮಜಲಿನ ಫ್ಲ್ಯಾಟಿನ ಕೊಳಚೆ ನೀರನ್ನು ಉಳಿದ ತೋಡಿಗೆ ಬಿಡುತ್ತಿದ್ದಾರೆ. ಮೂರು ಬಾವಿಗಳ ನೀರು ವಾಸನೆ ಬರುತ್ತಿದೆ, ಸೊಳ್ಳೆಯಂತೂ ಕೇಳುವುದೇ ಬೇಡ. ದಾರಿದೀಪ ಕೆಟ್ಟು ಒಂದು ವರ್ಷ ಆಯಿತು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಕಳೆದ ಸಲ ಎಷ್ಟು ತಡವಾಯಿತೆಂದರೆ ಉಪ್ಪುನೀರು ಒಳಗೆ ಬಂದು ಸುಗ್ಗಿ ಬೆಳೆಯೂ ಹೋಯಿತು. ಇದು ನಮ್ಮ ಕೆಲಸ ಅಲ್ಲ ಎಂದು ತಾವು ಹೇಳಬಹುದು. ಹಾಗಾದರೆ ಯಾರದು ಎಂದು ಬರೆದು ಕೊಡಿ. ನಾಲ್ಕು ಕಚೇರಿ ಸುತ್ತಿ ನಮಗೆ ಸಾಕಾಗಿದೆ.

1974ರ ಭೂಸುಧಾರಣೆಯಲ್ಲಿ ನಮ್ಮ ಅಜ್ಜಂದಿರು ಡಿಕ್ಲರೇಶನ್ ಹಾಕಿ ಪಡೆದ ಗದ್ದೆಗಳಿವು. ಅದಕ್ಕೂ ಮೊದಲು ಇದೇ ಗದ್ದೆಗೆ ಗೇಣಿ ಅಕ್ಕಿ ಅಳೆದವರು ಅವರು. ತೆನೆ ಹಬ್ಬಕ್ಕೆ ಮನೆ ತುಂಬಿಸುವ ಕದಿರು ಇಲ್ಲಿಂದಲೇ ಬರಬೇಕು. ಕಳೆದ ವರ್ಷ ಆರು ಮನೆಯವರು ಪೇಟೆಯಿಂದ ಕದಿರು ಕೊಂಡು ತಂದರು.

ಆದ್ದರಿಂದ ಮಣ್ಣು ತುಂಬುವುದನ್ನು ಕೂಡಲೇ ನಿಲ್ಲಿಸಬೇಕು. ಗ್ರಾಮನಕ್ಷೆಯಂತೆ ತೋಡನ್ನು ಅಳೆದು, ಪೈಪ್ ತೆಗೆದು, ಹಿಂದಿನ ಅಗಲಕ್ಕೆ ಬಿಡಿಸಬೇಕು. ನಮ್ಮ ಬೈಲಿನಲ್ಲಿ ಯಾವ ಸರ್ವೆ ನಂಬರಿಗೆ ಅನುಮತಿ ಕೊಟ್ಟಿದ್ದೀರಿ ಎಂಬ ಪಟ್ಟಿಯನ್ನು ಪಂಚಾಯತ್ ಬೋರ್ಡಿಗೆ ಹಾಕಬೇಕು. ಬೆಟ್ಟಿನ ಖಾಲಿ ಜಾಗದಲ್ಲಿ ಊರಿನ ಮನೆಯಿಲ್ಲದವರಿಗೆ ಕೈಗೆಟುಕುವ ದರದಲ್ಲಿ ಸಣ್ಣ ನಿವೇಶನ ಕೊಡಬೇಕು. ಬಾಕಿ ಇರುವ ಏಕನಿವೇಶನ ಅರ್ಜಿಗಳನ್ನು ಇತ್ಯರ್ಥ ಮಾಡಬೇಕು.

ಮಳೆ ನಮಗೋಸ್ಕರ ಕಾಯುವುದಿಲ್ಲ. ಪತ್ತನಾಜೆಯ (ತುಳು ಬೇಷ ತಿಂಗಳ ಹತ್ತನೇ ದಿನ, ಮೇ ಕೊನೆಯ ಹೊತ್ತು) ಒಳಗೆ ತೋಡು ಬಿಡಿಸಿಕೊಡಿ, ಉತ್ತರವನ್ನು ಬರಹದಲ್ಲಿ ಕೊಡಿ. ಇಲ್ಲದಿದ್ದರೆ ಪತ್ತನಾಜೆಯ ಮರುದಿನ ಬೆಳಿಗ್ಗೆ ಹತ್ತಕ್ಕೆ ಮಕ್ಕಳು, ಮುದುಕರ ಸಮೇತ ತಮ್ಮ ಕಚೇರಿಯ ಮೆಟ್ಟಿಲಲ್ಲಿ ಕೂರುತ್ತೇವೆ.

ಇಂತಿ,
ಬೈಲಿನ ನಿವಾಸಿಗಳು

ಲಗತ್ತು: 61 ಮಂದಿಯ ಸಹಿ ಮತ್ತು ಹೆಬ್ಬೆಟ್ಟು, ಗ್ರಾಮನಕ್ಷೆಯ ಪ್ರತಿ, ಪೈಪಿನ ಫೋಟೋ, ಹಿಂದಿನ ಆರೂ ಮನವಿಗಳ ಸೀಲ್ ಪ್ರತಿ.