ಬಿಸಿಲಲ್ಲಿ ದುಡಿಯುವವರಿಗೆ ಯುರೋಪಿನಲ್ಲಿ ಒಂದೇ ನಿಯಮ ಬೇಕು

ಮಾನ್ಯರೇ,

ಯುರೋಪಿನ ಬಿಸಿಗಾಳಿಯ ವರದಿ ಓದಿದಾಗ ಅನಿಸಿದ್ದು, ಬಿಸಿಲಲ್ಲಿ ದುಡಿಯುವವರಿಗೆ ಅಲ್ಲಿ ದೇಶಕ್ಕೊಂದು ನ್ಯಾಯ ಇದೆ ಎಂಬುದು. ನೌಕರರ ಸುರಕ್ಷತೆ ಮಾಲೀಕರ ಹೊಣೆ ಎಂದು ಐರೋಪ್ಯ ಒಕ್ಕೂಟ 1989ರಲ್ಲೇ ಹೇಳಿದೆ. ಆದರೆ ಎಷ್ಟು ಡಿಗ್ರಿ ದಾಟಿದರೆ ಕೆಲಸ ನಿಲ್ಲಿಸಬೇಕು ಎಂಬ ಮಿತಿಯನ್ನು ಮಾತ್ರ ಹಾಕಿಲ್ಲ.

ಬಿಸಿಗಾಳಿ ಜಾಸ್ತಿಯಾದಾಗ ಗ್ರೀಸ್ ಮಧ್ಯಾಹ್ನ 12ರಿಂದ 5ರವರೆಗೆ ಹೊರಗಿನ ಕೆಲಸ ನಿಲ್ಲಿಸುತ್ತದೆ. 2025ರ ಬೇಸಿಗೆಯಲ್ಲಿ ಇಟಲಿಯ ಹಲವು ಪ್ರಾಂತ್ಯಗಳು ಹೊಲ, ಕಟ್ಟಡ ಕೆಲಸಗಳನ್ನು 12.30ರಿಂದ 4ರವರೆಗೆ ನಿಷೇಧಿಸಿದವು. ಅದೂ ಪ್ರಾಂತ್ಯದ ಮನಸ್ಸಿಗೆ ಬಿಟ್ಟದ್ದು! ನಲ್ಲಿ ನೀರಿಲ್ಲದ ಕಡೆ ಪ್ರತಿ ಕಾರ್ಮಿಕನಿಗೆ ದಿನಕ್ಕೆ ಕನಿಷ್ಠ 3 ಲೀಟರ್ ನೀರು ಕೊಡಲೇಬೇಕು ಎಂದು ಫ್ರಾನ್ಸ್ ನಿಯಮ ಮಾಡಿದೆ. ಎಲ್ಲವೂ ಒಳ್ಳೆಯದೇ. ಆದರೆ ಗಡಿ ದಾಟಿದರೆ ಬಿಸಿಲೇನು ತಣ್ಣಗಾಗುತ್ತದಾ? ಹಣ್ಣು ಕೀಳಲು ದೇಶದಿಂದ ದೇಶಕ್ಕೆ ಹೋಗುವ ಕೂಲಿಯವರಿಗೆ ಯಾವ ನಿಯಮ ಎಲ್ಲಿ ಎಂಬುದೇ ಗೊಂದಲ.

ಸ್ಪೇನಿನ ಬಿಲ್ಬಾವೊದಲ್ಲಿರುವ ಐರೋಪ್ಯ ಸುರಕ್ಷತಾ ಸಂಸ್ಥೆ ಬಿಸಿಲಿನ ಬಗ್ಗೆ ಸಲಹೆಗಳನ್ನು ಪ್ರಕಟಿಸಿದೆ. ಸುಮ್ನೆ ಸಲಹೆ ಸಾಲದು. ಮಿತಿ, ವಿರಾಮ, ನೆರಳು, ನೀರು ಇಷ್ಟನ್ನಾದರೂ ಒಕ್ಕೂಟದ ಎಲ್ಲ 27 ದೇಶಗಳಿಗೆ ಕಾನೂನಾಗಿ ಮಾಡಲಿ. ವಿರಾಮದ ಹೊತ್ತಿನ ಕೂಲಿ ಕಡಿತವಾಗಬಾರದು ಎಂದೂ ಅದರಲ್ಲಿ ಬರೆಯಲಿ.

– ಓದುಗ, ದಾವಣಗೆರೆ